ಕಾಯಿಲೆಯ ಮಗುವಿನ ಮಗ್ಗುಲಲ್ಲಿ: ದೊಡ್ಡಬಳ್ಳಾಪುರ ಸೀಮೆಯ ಆರೈಕೆಯ ಚರಿತ್ರೆ

ಎಳೆಯ ಮಗುವಿಗೆ ಇದ್ದಕ್ಕಿದ್ದಂತೆ ಜ್ವರವೇರಿ ಸೆಳವು ಬಂದಾಗ, ಅಥವಾ ಒಂದೇ ರಾತ್ರಿಯ ವಾಂತಿಭೇದಿಯಲ್ಲಿ ಅದರ ಕಣ್ಣು ಗುಳಿಬಿದ್ದಾಗ, ಮನೆಯವರು ಯಾರ ಬಳಿಗೆ ಓಡುತ್ತಿದ್ದರು ಎಂಬುದು ಕಾಲಕಾಲಕ್ಕೆ ಬದಲಾಗಿದೆಯಾದರೂ, ಮಗುವಿನ ಮಗ್ಗುಲಲ್ಲಿ ತಾಯಿಯೋ ಅಜ್ಜಿಯೋ ಹಗಲಿರುಳು ಕೂರಬೇಕೆಂಬ ರೂಢಿ ಉಳಿದುಕೊಂಡು ಬಂದಿದೆ. ರೇಷ್ಮೆ ಸೀರೆಯ ನೇಯ್ಗೆಗೆ ಹೆಸರಾದ, ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರು ದೂರದ ದೊಡ್ಡಬಳ್ಳಾಪುರದಲ್ಲಿ ಈ ರೂಢಿಯ ಬೆಲೆಯನ್ನು ಸಂಸಾರಗಳು ತಮ್ಮ ಕೂಲಿಯಿಂದಲೇ ತೆತ್ತಿವೆ.

ಮಕ್ಕಳ ಚಿಕಿತ್ಸೆಯನ್ನು ಆಯುರ್ವೇದವು ತನ್ನ ಎಂಟು ಅಂಗಗಳಲ್ಲಿ ಒಂದಾಗಿ ಎಣಿಸಿ ಕೌಮಾರಭೃತ್ಯ ಎಂದು ಕರೆದಿತ್ತು. ಹಠಾತ್ತನೆ ಬರುವ ಸೆಳವು, ಹಾಲು ಬಿಡುವುದು, ಬೆಚ್ಚಿಬೀಳುವುದು ಮುಂತಾದವನ್ನು ಬಾಲಗ್ರಹ, ಅಂದರೆ ಮಗುವನ್ನು ಹಿಡಿಯುವ ಗ್ರಹಗಳ ಬಾಧೆ, ಎಂದು ವಿವರಿಸಲಾಗುತ್ತಿತ್ತು. ಮನೆಯಲ್ಲಿ ಬಜೆ ತೇಯ್ದು ನೆಕ್ಕಿಸುವುದು, ಓಮದ ನೀರು ಕುಡಿಸುವುದು, ದೃಷ್ಟಿ ನಿವಾಳಿಸುವುದು ಮೊದಲ ಉಪಚಾರಗಳಾಗಿದ್ದವು. ಅವು ಸಾಲದೆ ಹೋದಾಗ ತಾಯತವೂ ಹರಕೆಯೂ ಬರುತ್ತಿದ್ದವು. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ನಾಗರಕಲ್ಲುಗಳನ್ನು ಪ್ರತಿಷ್ಠೆ ಮಾಡಿಸುವ ಪದ್ಧತಿಯ ಹಿಂದೆ ಸಂತಾನದ ಬಯಕೆಯ ಜೊತೆಗೆ ಹುಟ್ಟಿದ ಮಗು ಉಳಿಯಲೆಂಬ ಮೊರೆಯೂ ಇದೆ. ಸೆಳವು ಬಂದ ಮಗುವಿಗೆ ಕಾದ ಕಬ್ಬಿಣದಿಂದ ಬರೆ ಹಾಕುವ ರೂಢಿಯಂತೂ ನೋವನ್ನೇ ಹೆಚ್ಚಿಸಿತೇ ಹೊರತು ಯಾವ ಕಾಯಿಲೆಯನ್ನೂ ವಾಸಿಮಾಡಲಿಲ್ಲ. ಅದನ್ನು ಪರಂಪರೆಯ ಹೆಸರಿನಲ್ಲಿ ಸಮರ್ಥಿಸಲಾಗದು.

ಸಿಡುಬಿನ ಆರೈಕೆಯಲ್ಲಿ ಮಾತ್ರ ಬೇರೆಯೇ ಒಂದು ವಿವೇಕ ಕಾಣುತ್ತದೆ. ‘ಅಮ್ಮ’ ಬಂದಿದ್ದಾಳೆಂದು ತಿಳಿದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಹೊರಗಿನವರು ಬಂದುಹೋಗುವುದನ್ನು ನಿಲ್ಲಿಸಿ, ಒಗ್ಗರಣೆಯನ್ನೂ ಹಾಕದೆ, ಮಗುವನ್ನು ಒಂದು ಮೂಲೆಯಲ್ಲಿ ಬೇವಿನೆಲೆಯ ಮೇಲೆ ಮಲಗಿಸಿ ಒಬ್ಬಳೇ ಹೆಂಗಸು ನೋಡಿಕೊಳ್ಳುತ್ತಿದ್ದಳು. ಈ ಕಟ್ಟುಪಾಡಿಗೆ ರೋಗವನ್ನು ಗುಣಪಡಿಸುವ ಶಕ್ತಿಯಿರಲಿಲ್ಲವಾದರೂ ಅದು ಸೋಂಕಿತ ಮಗುವನ್ನು ಊರಿನಿಂದ ಬೇರ್ಪಡಿಸಿತು, ತಾಯಿಯಿಂದ ಬೇರ್ಪಡಿಸಲಿಲ್ಲ.

ಪ್ಲೇಗಿನ ಕಾಲದಲ್ಲಿ ತಾಯಿ-ಮಗುವಿನ ಈ ನಂಟಿಗೇ ಪೆಟ್ಟು ಬಿತ್ತು. 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಾಣಿಸಿಕೊಂಡ ಆ ಜಾಡ್ಯವನ್ನು ತಡೆಯಲು ಸರ್ಕಾರವು ಮನೆಮನೆಯ ತಪಾಸಣೆ ನಡೆಸಿ, ರೋಗಿಗಳನ್ನು ಪ್ಲೇಗ್ ಆಸ್ಪತ್ರೆಗೂ ಅವರ ಜೊತೆಗಿದ್ದವರನ್ನು ಬೇರೆ ಶಿಬಿರಗಳಿಗೂ ಸಾಗಿಸತೊಡಗಿದಾಗ, ಆಸ್ಪತ್ರೆಯೆಂದರೆ ಹೋದವರು ಮರಳಿ ಬಾರದ ಜಾಗವೆಂಬ ಭಯ ಜನರಲ್ಲಿ ಬೇರೂರಿತು. ಇಲಿ ಸತ್ತು ಬಿದ್ದ ಊರನ್ನೇ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವುದು ಹಳೆಯ ಮೈಸೂರಿನ ಹಳ್ಳಿಗಳಿಗೆ ದಶಕಗಳ ಕಾಲ ವಾಡಿಕೆಯಾಯಿತು. ಎಳವೆಯಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಕಾದಂಬರಿಯಲ್ಲಿ ಆ ದುಃಖ ದಾಖಲಾಗಿದೆ.

ಈ ಭಯ ಕರಗಲು ಹೊಸ ಕಟ್ಟಡಗಳಷ್ಟೇ ಸಾಕಾಗಲಿಲ್ಲ. ಬೆಂಗಳೂರಿನಲ್ಲಿ 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯೂ, 1935ರಲ್ಲಿ ಅದರ ನೆರೆಯಲ್ಲೇ ಹೆಂಗಸರು ಮತ್ತು ಮಕ್ಕಳಿಗಾಗಿ, ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದನ್ನು ಹೊತ್ತ ವಾಣಿವಿಲಾಸ ಆಸ್ಪತ್ರೆಯೂ ತೆರೆದವು. 1991ರಲ್ಲಿ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ದೊಡ್ಡಬಳ್ಳಾಪುರದ ತಾಯಂದಿರು ಇಂಥ ದೊಡ್ಡಾಸ್ಪತ್ರೆಗಳ ಮೆಟ್ಟಿಲು ಹತ್ತಿದ್ದಕ್ಕೆ ಔಷಧದ ಮೇಲಿನ ನಂಬಿಕೆಯಷ್ಟೇ, ಮಗುವಿನ ಜೊತೆ ತಮಗೂ ಅಲ್ಲಿ ಜಾಗವಿದೆ ಎಂಬ ಭರವಸೆಯೂ ಕಾರಣವಾಗಿತ್ತೆಂದು ತೋರುತ್ತದೆ.

ಹೀಗೆ ಮಗುವಿನ ಜೊತೆಗಿರುವುದರ ಬೆಲೆ ತಿಳಿಯಲು ಇಂಗ್ಲೆಂಡಿನ ಕಡೆ ನೋಡಬೇಕು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಲ್ಲಿನ ಎಷ್ಟೋ ಆಸ್ಪತ್ರೆಗಳಲ್ಲಿ ತಂದೆತಾಯಿಗೆ ವಾರಕ್ಕೊಮ್ಮೆ ಮಾತ್ರ ಮಗುವಿನ ದರ್ಶನವಾಗುತ್ತಿತ್ತು. ನ್ಯೂಕ್ಯಾಸಲ್ಲಿನ ವೈದ್ಯ ಜೇಮ್ಸ್ ಸ್ಪೆನ್ಸ್ ತಾಯಂದಿರನ್ನು ಶಿಶುಗಳೊಡನೆ ಇರಿಸಿಕೊಂಡದ್ದು ಅಪರೂಪದ ಪ್ರಯೋಗವಾಗಿತ್ತು. ಆಸ್ಪತ್ರೆಯಲ್ಲಿ ಒಂಟಿಯಾದ ಎರಡು ವರ್ಷದ ಮಗುವಿನ ಸಂಕಟವನ್ನು ಮನೋವಿಶ್ಲೇಷಕ ಜೇಮ್ಸ್ ರಾಬರ್ಟ್‌ಸನ್ 1952ರ ತಮ್ಮ ಚಲನಚಿತ್ರದಲ್ಲಿ ತೋರಿಸಿದ ಮೇಲೆ, 1959ರ ಪ್ಲಾಟ್ ಸಮಿತಿಯ ವರದಿ ತಂದೆತಾಯಿಗೆ ಬಾಗಿಲು ತೆರೆಯಬೇಕೆಂದು ಶಿಫಾರಸು ಮಾಡಿತು. ಅಲ್ಲಿ ವಾದಿಸಿ ಗೆಲ್ಲಬೇಕಾದದ್ದು ಇಲ್ಲಿ ರೂಢಿಯಾಗಿಯೇ ಇತ್ತು. ಆದರೆ ಇದನ್ನು ಬರಿಯ ಹೆಮ್ಮೆಯ ಸಂಗತಿಯೆಂದು ಹೇಳಿ ಮುಗಿಸುವುದು ಸರಿಯಲ್ಲ. ದಾದಿಯರ ಕೊರತೆಯಿದ್ದ ವಾರ್ಡುಗಳಲ್ಲಿ ಉಣಿಸುವ, ಒರೆಸುವ, ಔಷಧ ತರಲು ಓಡುವ ಕೆಲಸವೆಲ್ಲ ‘ಜೊತೆಗಿರುವವರ’ ಹೆಗಲಿಗೇ ಬಿದ್ದಿತ್ತು. ರಾತ್ರಿ ನೆಲದ ಮೇಲೆ ಚಾಪೆ ಹಾಸಿ ಮಲಗುವುದೂ ಅವರ ಪಾಲಿನದೇ ಆಗಿತ್ತು.

ನೇಕಾರರ ಸಂಸಾರದಲ್ಲಿ ಈ ಹೊರೆ ಇಮ್ಮಡಿಯಾಗುತ್ತದೆ. ಮಗ್ಗದ ಮೇಲೆ ಗಂಡಸು ಕಂಡರೂ, ಲಾಳಿಯೊಳಗೆ ಕೂರುವ ಹೊಕ್ಕುನೂಲಿನ ಕಂಡಿಕೆಯನ್ನು ಸುತ್ತುವುದು, ಕಡಿದ ಎಳೆಯನ್ನು ಕೂಡಿಸುವುದು ಹೆಚ್ಚಾಗಿ ಹೆಂಗಸರ ಕೈಕೆಲಸ. ತಾಯಿ ಮಗುವನ್ನೆತ್ತಿಕೊಂಡು ಬೆಂಗಳೂರಿಗೆ ಹೊರಟರೆ ಕಂಡಿಕೆ ನಿಲ್ಲುತ್ತದೆ, ತಂದೆಯೂ ಹೋದರೆ ಮಗ್ಗವೇ ನಿಲ್ಲುತ್ತದೆ. ನೇಯ್ದಷ್ಟಕ್ಕೇ ಕೂಲಿ ಪಡೆಯುವ ಮನೆಯಲ್ಲಿ, ಮಗು ವಾರ್ಡಿನಲ್ಲಿರುವಷ್ಟು ದಿನವೂ ಗಳಿಕೆ ಇಲ್ಲದೆ ಸಾಲ ಬೆಳೆಯುತ್ತದೆ. ಮನೆಯಲ್ಲಿ ಉಳಿದ ಮಕ್ಕಳ ಊಟವನ್ನು ಅಜ್ಜಿಯೋ ನೆರೆಮನೆಯವರೋ ನೋಡಿಕೊಳ್ಳಬೇಕಾಗುತ್ತದೆ.

1970ರ ದಶಕದಿಂದೀಚೆಗೆ ಕೆಲವು ರೋಗಗಳಿಗೆ ಆಸ್ಪತ್ರೆಯ ದಾರಿ ಹಿಡಿಯುವ ಅಗತ್ಯವೇ ತಪ್ಪಿದೆ. ಭಾರತದ ಕೊನೆಯ ಸಿಡುಬಿನ ಪ್ರಕರಣ 1975ರಲ್ಲಿ ಕಂಡುಬಂತು. 1971ರ ಬಾಂಗ್ಲಾದೇಶ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಲನಬಿಸ್ ವಾಂತಿಭೇದಿಗೆ ಕೊಟ್ಟು ಪರೀಕ್ಷಿಸಿ ತೋರಿಸಿದ ಉಪ್ಪು-ಸಕ್ಕರೆಯ ದ್ರಾವಣ ಇಂದು ಓಆರೆಸ್ ಪೊಟ್ಟಣವಾಗಿ ಹಳ್ಳಿಗಳನ್ನು ತಲುಪಿದೆ. ಆಸ್ಪತ್ರೆಗೆ ಹೋಗಲೇಬೇಕಾದಾಗ, 2008ರ ನವೆಂಬರಿನಲ್ಲಿ ರಾಜ್ಯದಲ್ಲಿ ಆರಂಭವಾದ 108 ಆಂಬುಲೆನ್ಸು ದಾರಿಯ ವೇಳೆಯನ್ನು ಕಡಿಮೆ ಮಾಡಿದೆ.

ಜೊತೆಗಿರುವ ತಾಯಿಯ ಕೂಲಿ ಮಾತ್ರ ಬಹುಕಾಲ ಯಾರ ಲೆಕ್ಕಕ್ಕೂ ಬರಲಿಲ್ಲ. ತೀವ್ರ ಅಪೌಷ್ಟಿಕತೆಯ ಮಕ್ಕಳನ್ನು ಸುಮಾರು ಹದಿನಾಲ್ಕು ದಿನ ಇರಿಸಿಕೊಂಡು ಚಿಕಿತ್ಸೆ ನೀಡುವ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ ತಾಯಿಗೆ ಊಟದ ಜೊತೆಗೆ ದಿನಗೂಲಿಯ ನಷ್ಟಪರಿಹಾರವನ್ನೂ ಕೊಡುವ ನಿಯಮ ಬಂದದ್ದು ಈ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ; ಮಗುವಿನ ಬಳಿ ಕೂರುವುದೂ ಚಿಕಿತ್ಸೆಯ ಭಾಗವೆಂದು ಸರ್ಕಾರ ಅಲ್ಲಿ ಒಪ್ಪಿಕೊಂಡಿದೆ. ನ್ಯುಮೋನಿಯಾದಿಂದಲೋ ಡೆಂಗಿಯಿಂದಲೋ ನರಳುವ ಮಗುವಿನ ಪಕ್ಕದಲ್ಲಿರುವ ನೇಕಾರ ತಾಯಿಗೂ, ಎಲ್ಲ ಕೂಲಿಕಾರ ತಂದೆತಾಯಿಗೂ ಅದೇ ನಿಯಮವನ್ನು ವಿಸ್ತರಿಸಬೇಕು.