ಗರ್ಭಕೋಶದಲ್ಲಿ ಗಂಟಿದ್ದರೆ ಐವಿಎಫ್ ಫಲಿಸುವುದೇ ಇಲ್ಲವೇ?

ಫೈಬ್ರಾಯ್ಡ್ ಇದ್ದವರಿಗೆ ಐವಿಎಫ್ ಮಾಡಿಸಿದರೂ ಗರ್ಭ ನಿಲ್ಲುವುದಿಲ್ಲ, ಮೊದಲು ಆಪರೇಷನ್ ಮಾಡಿಸಲೇಬೇಕು ಎನ್ನುವ ಫಾರ್ವರ್ಡ್‌ಗಳು ವಾಟ್ಸ್ಆ್ಯಪ್‌ನಲ್ಲಿ ಆಗಾಗ ಬರುತ್ತವೆ. ಕಷಾಯ ಕುಡಿದರೆ ಗಂಟು ಕರಗುತ್ತದೆ ಎನ್ನುವುದು ಇನ್ನೊಂದು. ಮೊದಲನೆಯದು ಅರ್ಧಸತ್ಯ. ಎರಡನೆಯದಕ್ಕೆ ನಂಬುವಂಥ ಪುರಾವೆ ಇಲ್ಲ.

ಫೈಬ್ರಾಯ್ಡ್ ಎಂದರೆ ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ ಗಂಟು. ವಿಜಯಪುರದ ಕಡೆ ‘ಗರ್ಭಚೀಲದಾಗ ಗಂಟ ಆಗ್ಯಾವ’ ಅನ್ನುತ್ತಾರಲ್ಲ, ಬಹುತೇಕ ಅದೇ. ಇದು ಕ್ಯಾನ್ಸರ್ ಅಲ್ಲ. 50 ವರ್ಷದೊಳಗೆ ಹೆಚ್ಚಿನ ಮಹಿಳೆಯರಲ್ಲಿ ಸಣ್ಣದೋ ದೊಡ್ಡದೋ ಒಂದಾದರೂ ಬೆಳೆದಿರುತ್ತದೆ. ಎಷ್ಟೋ ಜನರಿಗೆ ಅದು ಗೊತ್ತೇ ಆಗುವುದಿಲ್ಲ.

ತಿಕೋಟಾ, ಬಬಲೇಶ್ವರದಿಂದ ವಿಜಯಪುರಕ್ಕೆ ಬಂದು ಸ್ಕ್ಯಾನಿಂಗ್ ಮಾಡಿಸಿದವರು ರಿಪೋರ್ಟಿನಲ್ಲಿ ಮೊದಲು ಹುಡುಕುವುದು ಗಂಟು ಎಷ್ಟು ಸೆಂಟಿಮೀಟರ್ ಎಂದು. ಗರ್ಭ ನಿಲ್ಲುವ ವಿಷಯದಲ್ಲಿ ಅದಕ್ಕಿಂತ ಮುಖ್ಯವಾದದ್ದು ಗಂಟು ಇರುವ ಜಾಗ. ‘ಸಬ್‌ಸಿರೋಸಲ್’ ಎಂದಿದ್ದರೆ ಅದು ಗರ್ಭಕೋಶದ ಹೊರಮೈಗೆ ಅಂಟಿಕೊಂಡಿದೆ. ಐವಿಎಫ್ ಫಲಿತಾಂಶದ ಮೇಲೆ ಇದರ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ. ‘ಸಬ್‌ಮ್ಯೂಕೋಸಲ್’ ಎಂದಿದ್ದರೆ ಭ್ರೂಣ ಅಂಟಿಕೊಳ್ಳಬೇಕಾದ ಒಳಗಿನ ಜಾಗದೊಳಕ್ಕೇ ಗಂಟು ಚಾಚಿದೆ. ಇದು ಒಂದೇ ಸೆಂಟಿಮೀಟರ್ ಇದ್ದರೂ ತೊಂದರೆ ಕೊಡಬಲ್ಲದು. ಗರ್ಭ ನಿಲ್ಲುವ ಸಾಧ್ಯತೆ ತಗ್ಗುತ್ತದೆ, ಗರ್ಭಪಾತದ ಅಪಾಯ ಹೆಚ್ಚುತ್ತದೆ. ಐವಿಎಫ್‌ಗೆ ಮೊದಲು ತೆಗೆಸಿ ಎಂದು ವೈದ್ಯರು ಸಾಮಾನ್ಯವಾಗಿ ಹೇಳುವುದು ಇದನ್ನೇ. ಬಹಳಷ್ಟು ಸಲ ಹೊಟ್ಟೆ ಕೊಯ್ಯುವ ಅಗತ್ಯವೂ ಇರುವುದಿಲ್ಲ, ಯೋನಿಮಾರ್ಗದಿಂದ ಹಿಸ್ಟರೋಸ್ಕೋಪ್ ಹಾಕಿ ತೆಗೆಯುತ್ತಾರೆ.

ಗೋಡೆಯೊಳಗೇ ಇರುವ ‘ಇಂಟ್ರಾಮ್ಯೂರಲ್’ ಗಂಟಿನ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ. ಅದರಿಂದ ಯಶಸ್ಸು ಸ್ವಲ್ಪ ತಗ್ಗಬಹುದು ಎನ್ನುವ ಅಧ್ಯಯನಗಳಿವೆ. ತೆಗೆಸಿದರೆ ಯಶಸ್ಸು ಹೆಚ್ಚುತ್ತದೆ ಎಂಬುದು ಮಾತ್ರ ಖಚಿತವಾಗಿಲ್ಲ. ಹೊಟ್ಟೆ ಕೊಯ್ದು ತೆಗೆಸಿದರೆ ಗಾಯ ಮಾಯಲು ಕೆಲವು ತಿಂಗಳು ಕಾಯಬೇಕು. 38ರ ಮಹಿಳೆಗೆ ಆ ತಿಂಗಳುಗಳೂ ದುಬಾರಿಯೇ, ವಯಸ್ಸಾದಂತೆ ಅಂಡಾಣುಗಳು ಕಡಿಮೆಯಾಗುತ್ತ ಹೋಗುತ್ತವೆ.

‘ಗಂಟು ತೆಗೆಯುವುದು’ ಮತ್ತು ‘ಗರ್ಭಚೀಲ ತೆಗೆಯುವುದು’ ಬೇರೆ ಬೇರೆ. ಮೊದಲನೆಯದು ಮಯೋಮೆಕ್ಟಮಿ, ಗರ್ಭಕೋಶ ಉಳಿಯುತ್ತದೆ. ಎರಡನೆಯದು ಹಿಸ್ಟರೆಕ್ಟಮಿ, ಅದಾದ ಮೇಲೆ ಗರ್ಭ ಧರಿಸುವ ಮಾತೇ ಇಲ್ಲ. ನಾವು ಇದನ್ನು ಬಿಡಿಸಿ ಹೇಳಲು ಕಾರಣವಿದೆ. ಪಕ್ಕದ ಕಲಬುರಗಿ ಜಿಲ್ಲೆಯಲ್ಲಿ ಬಡ ಲಂಬಾಣಿ, ದಲಿತ ಮಹಿಳೆಯರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದ ದೂರುಗಳ ಬಗ್ಗೆ 2015ರಲ್ಲಿ ತನಿಖೆ ನಡೆದಿತ್ತು. ಇಂಥ ಆಪರೇಷನ್ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಮಾರ್ಗಸೂಚಿಯನ್ನು ಜಾರಿಗೆ ತರುವಂತೆ ಏಪ್ರಿಲ್ 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಿತು. ಸಹಿ ಹಾಕುವ ಮುನ್ನ ಯಾವ ಆಪರೇಷನ್ ಎಂದು ಕೇಳಿ. ಅನುಮಾನವಿದ್ದರೆ ರಿಪೋರ್ಟ್ ತೆಗೆದುಕೊಂಡು ವಿಜಯಪುರದ ಜಿಲ್ಲಾ ಆಸ್ಪತ್ರೆಯಲ್ಲೋ ಬಿಎಲ್‌ಡಿಇ ಆಸ್ಪತ್ರೆಯಲ್ಲೋ ಇನ್ನೊಬ್ಬ ಸ್ತ್ರೀರೋಗ ತಜ್ಞರಿಗೆ ತೋರಿಸಿ.

ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಕೂಡಲೇ ಆಗಬೇಕು, ಮಗುವಿನ ಯೋಚನೆ ಇರಲಿ, ಇಲ್ಲದಿರಲಿ. ಇನ್ನು, ಗಂಟು ಕಂಡಿತೆಂದು ಮನೆಯವರೆಲ್ಲ ಸೊಸೆಯತ್ತ ಬೆರಳು ತೋರಿಸುವ ಮುನ್ನ ಗಂಡನ ವೀರ್ಯ ಪರೀಕ್ಷೆಯೂ ಆಗಿರಲಿ. ಮಕ್ಕಳಾಗದಿರಲು ಗಂಡಸರ ಕಡೆಯ ಕಾರಣಗಳೂ ಅಪರೂಪವೇನಲ್ಲ, ಮೇಲಾಗಿ ಈ ಪರೀಕ್ಷೆಗೆ ಆಪರೇಷನ್ನೂ ಬೇಡ, ಅರಿವಳಿಕೆಯೂ ಬೇಡ.