ಸೀಡಿಯ ವೇಷ ಹಾಕಿದ ಮೋಡೆಮ್

2010ರ ಆಸುಪಾಸಿನಲ್ಲಿ ಪುಣೆ, ಹೈದರಾಬಾದ್, ಚೆನ್ನೈಗಳ ಬಾಡಿಗೆ ಕೋಣೆಗಳಲ್ಲಿ ಒಂದು ದೃಶ್ಯ ಪದೇಪದೇ ನಡೆಯುತ್ತಿತ್ತು. ಊರಿಂದ ತಂದ ಹಳೆಯ ಡೆಸ್ಕ್‌ಟಾಪ್, ಹೊಸದಾಗಿ ಕೊಂಡ ಬೆರಳುದ್ದದ ಡಾಂಗಲ್. ಸಿಮ್ ಹಾಕಿ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದರೆ 'ಮೈ ಕಂಪ್ಯೂಟರ್' ಒಳಗೆ ಇನ್ನೊಂದು ಸೀಡಿ ಡ್ರೈವ್ ಪ್ರತ್ಯಕ್ಷ. ಯಾರೂ ಸೀಡಿ ಹಾಕಿಲ್ಲ. ಇಂಟರ್‌ನೆಟ್ಟಿಗೆ ಅಂತ ದುಡ್ಡು ಕೊಟ್ಟು ತಂದದ್ದು ಸೀಡಿ ಆಗಿ ಕೂತಿದೆ. ಪೆಟ್ಟಿಗೆಯಲ್ಲಿದ್ದ ಚೀಟಿಯಲ್ಲಿ ಇದರ ಬಗ್ಗೆ ಒಂದಕ್ಷರವಿಲ್ಲ. ಸಹಾಯವಾಣಿಯವರು ಹೇಳುವುದು ಒಂದೇ ಮಾತು: ತೆಗೆದು ಮತ್ತೆ ಹಾಕಿ ನೋಡಿ.

ತೆಗೆದು ಮತ್ತೆ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತಿತ್ತು ಎನ್ನುವುದೇ ಸೋಜಿಗ. ಅದು ಯಾಕೆ ಸರಿಹೋಗುತ್ತಿತ್ತು, ಯಾಕೆ ಕೆಲವೊಮ್ಮೆ ಹೋಗುತ್ತಿರಲಿಲ್ಲ ಎಂದು ತಿಳಿಯಲು ಆ ಪುಟ್ಟ ಸಾಧನ ಹಾಕಿಕೊಂಡಿದ್ದ ವೇಷಗಳನ್ನು ಒಂದೊಂದಾಗಿ ಕಳಚಬೇಕು. ಸೀಡಿಯ ವೇಷ ಹೊರಗಿನದು. ಅದರ ಒಳಗೆ ಇನ್ನೂ ಹಳೆಯದೊಂದಿದೆ, ಟೆಲಿಫೋನ್ ಲೈನಿನ ವೇಷ. ಒಳಗಿನದರಿಂದಲೇ ಶುರುಮಾಡುವುದು ಸುಲಭ.

1981ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಡೆನಿಸ್ ಹೇಯ್ಸ್ ಮತ್ತು ಡೇಲ್ ಹೆದರಿಂಗ್‌ಟನ್ 'ಸ್ಮಾರ್ಟ್‌ಮೋಡೆಮ್' ಎಂಬ ಸಾಧನವನ್ನು ಮಾರುಕಟ್ಟೆಗೆ ತಂದರು. ವೇಗ ಸೆಕೆಂಡಿಗೆ 300 ಬಿಟ್. ಅದಕ್ಕೂ ಮುಂಚೆ ಮೋಡೆಮ್ ಎಂದರೆ ಬಹುಮಟ್ಟಿಗೆ ಮೂಕ ಯಂತ್ರ. ನಂಬರು ತಿರುಗಿಸುವುದು ಮನುಷ್ಯನ ಕೆಲಸ, ರಿಸೀವರನ್ನು ರಬ್ಬರ್ ಬಟ್ಟಲುಗಳ ಮೇಲೆ ಮಲಗಿಸುವುದೂ ಅವನದೇ. ಹೇಯ್ಸ್ ಮೋಡೆಮ್ಮಿಗೆ ಕಂಪ್ಯೂಟರೇ ಮಾತಿನಲ್ಲಿ ಅಪ್ಪಣೆ ಕೊಡಬಹುದಿತ್ತು. ಅಪ್ಪಣೆಗಳೆಲ್ಲ 'ಎಟಿ' ಎಂಬ ಎರಡಕ್ಷರದಿಂದ ಶುರು. 'ಅಟೆನ್ಷನ್' ಎನ್ನುವುದರ ಮೊಟಕು ರೂಪ, ನಮ್ಮಲ್ಲಿ 'ಏಯ್, ಇಲ್ಲಿ ಕೇಳು' ಅಂದ ಹಾಗೆ. ಅದಾದ ಮೇಲೆ 'ಡಿ' ಬಂದರೆ ಡಯಲ್ ಮಾಡು, 'ಎಚ್' ಬಂದರೆ ಫೋನ್ ಇಡು. ಮೋಡೆಮ್ ಒಪ್ಪಿದರೆ 'ಓಕೆ' ಎನ್ನುತ್ತಿತ್ತು.

ಈ ಎರಡಕ್ಷರಕ್ಕೆ ಇನ್ನೊಂದು ಗುಣವಿದೆ. ತಂತಿಯ ಮೇಲೆ 'ಎ' ಅಕ್ಷರದ ಬಿಟ್‌ಗಳು ಬರುವ ಕ್ರಮ ಹೇಗಿದೆಯೆಂದರೆ ಅದರ ಮೊದಲ ಮಿಡಿತ ಸರಿಯಾಗಿ ಒಂದೇ ಬಿಟ್ ಅಗಲ. ಅದನ್ನು ಅಳೆದರೆ ಎದುರಿನ ಕಂಪ್ಯೂಟರು ಎಷ್ಟು ವೇಗದಲ್ಲಿ ಮಾತಾಡುತ್ತಿದೆ ಎಂದು ಮೋಡೆಮ್ಮಿಗೆ ತಿಳಿಯುತ್ತದೆ. 'ಎ'ಯಲ್ಲಿ ಒಂದುಗಳ ಸಂಖ್ಯೆ ಸಮ, 'ಟಿ'ಯಲ್ಲಿ ಬೆಸ. ಎರಡನ್ನೂ ಹೋಲಿಸಿದರೆ ತಪ್ಪು ಪತ್ತೆಹಚ್ಚುವ ಪ್ಯಾರಿಟಿ ಬಿಟ್‌ನ ವ್ಯವಸ್ಥೆಯೂ ಗೊತ್ತಾಗುತ್ತದೆ. ಕರೆಯುವ ಪದವೇ ಕರೆದವನ ಮಾತಿನ ಲಯವನ್ನೂ ತಿಳಿಸಿಬಿಡುತ್ತದೆ. ಮನುಷ್ಯ ಭಾಷೆಗಳಲ್ಲಿ ಇಷ್ಟು ಜಿಪುಣತನದ ಸಂಬೋಧನೆ ಸಿಗುವುದು ಕಷ್ಟ.

ಇನ್ನೊಂದು ತೊಡಕಿತ್ತು. ಅಪ್ಪಣೆಯೂ ಅದೇ ತಂತಿಯಲ್ಲಿ, ಆಚೆ ಊರಿಗೆ ಹೋಗಬೇಕಾದ ಮಾಹಿತಿಯೂ ಅದೇ ತಂತಿಯಲ್ಲಿ. ಯಾವುದು ಮೋಡೆಮ್ಮಿಗೆ ಹೇಳಿದ್ದು, ಯಾವುದು ಅದರ ಮೂಲಕ ಹೇಳಿಸಿದ್ದು? ಹೆದರಿಂಗ್‌ಟನ್ ಇದಕ್ಕೆ ಮೌನವನ್ನು ಬಳಸಿಕೊಂಡರು. ಒಂದು ಸೆಕೆಂಡು ಸುಮ್ಮನಿದ್ದು, ಮೂರು ಕೂಡುವ ಚಿಹ್ನೆ ಕಳಿಸಿ, ಮತ್ತೆ ಒಂದು ಸೆಕೆಂಡು ಸುಮ್ಮನಿದ್ದರೆ ಅದು ಮೋಡೆಮ್ಮಿಗೇ ಹೇಳಿದ ಮಾತು. ಮಾಹಿತಿ ಹರಿಯುತ್ತಿರುವಾಗ ಅಂಥ ನಿಲುಗಡೆ ಅಕಸ್ಮಾತ್ತಾಗಿ ಬರುವುದು ಅಪರೂಪ. ಈ ಉಪಾಯಕ್ಕೆ ಪೇಟೆಂಟ್ ಕೂಡ ಸಿಕ್ಕಿತು. ಹೇಯ್ಸ್ ಕಂಪನಿ 1999ರಲ್ಲಿ ಬಾಗಿಲು ಮುಚ್ಚಿತು, ಆದರೆ ಅದರ ಭಾಷೆ ಸಾಯಲಿಲ್ಲ.

ಸಾಯಲಿಲ್ಲ ಮಾತ್ರವಲ್ಲ, ಮೊಬೈಲ್ ಜಗತ್ತು ಅದನ್ನೇ ದತ್ತು ತೆಗೆದುಕೊಂಡಿತು. ಜಿಎಸ್‌ಎಂ ಮಾನಕಗಳನ್ನು ಬರೆದ ಯುರೋಪಿನ ಎಂಜಿನಿಯರುಗಳು ಹೊಸ ಭಾಷೆ ಕಟ್ಟುವ ಬದಲು ಎಟಿಗೆ ಹೊಸ ಪದಗಳನ್ನು ಸೇರಿಸಿದರು. ಸಿಮ್ ಹೇಗಿದೆ ಕೇಳಲು 'ಸಿಪಿನ್', ಸಿಗ್ನಲ್ ಕೇಳಲು 'ಸಿಎಸ್‌ಕ್ಯೂ', ನೆಟ್‌ವರ್ಕಿಗೆ ಸೇರಿದ್ದೀಯಾ ಎಂದು ಕೇಳಲು 'ಸಿರೆಗ್'. ಕಾರಣ ಸರಳ. ಆಗಿನ ಎಲ್ಲ ಕಂಪ್ಯೂಟರುಗಳಿಗೂ ಡಯಲ್ ಮಾಡುವುದು ಗೊತ್ತಿತ್ತು. ಮೊಬೈಲನ್ನೂ ಡಯಲಪ್ ಮೋಡೆಮ್ಮಿನಂತೆ ತೋರಿಸಿಬಿಟ್ಟರೆ ವಿಂಡೋಸ್‌ನಲ್ಲಾಗಲಿ ಲಿನಕ್ಸ್‌ನಲ್ಲಾಗಲಿ ಹೊಸದೇನನ್ನೂ ಬರೆಯಬೇಕಿಲ್ಲ.

ಹೀಗೆ 3ಜಿ ಡಾಂಗಲ್ಲಿಗೆ *99# ಎಂಬ ನಂಬರು ಬಂತು. ಇದನ್ನು ಡಯಲ್ ಮಾಡಿದರೆ ಯಾವ ಊರಲ್ಲೂ ಯಾವ ಫೋನೂ ರಿಂಗಾಗುವುದಿಲ್ಲ. ಅದು ನಂಬರೇ ಅಲ್ಲ, ಡೇಟಾ ಶುರುಮಾಡು ಎನ್ನುವ ಸಂಜ್ಞೆ. ಡಾಂಗಲ್ 'ಕನೆಕ್ಟ್' ಎಂದು ಉತ್ತರಿಸುತ್ತದೆ. ಕಂಪ್ಯೂಟರು ಲೈನ್ ಸಿಕ್ಕಿತೆಂದು ನಂಬಿ, ಡಯಲಪ್ ಕಾಲದ ಪಿಪಿಪಿ ನಿಯಮದ ಪ್ರಕಾರ ಹೆಸರು, ಪಾಸ್‌ವರ್ಡ್, ಐಪಿ ವಿಳಾಸಗಳ ಮಾತುಕತೆಗೆ ಕೂರುತ್ತದೆ. ಎದುರಿಗೆ ಕೂತಿರುವುದು ಕಂಪನಿಯ ಸರ್ವರ್ ಅಲ್ಲ, ಡಾಂಗಲ್ಲಿನೊಳಗಿನ ಚಿಪ್. ಜಿಎಸ್‌ಎಂ ಡಾಂಗಲ್ಲುಗಳಲ್ಲಿ ಹೆಸರು, ಪಾಸ್‌ವರ್ಡಿನ ಜಾಗದಲ್ಲಿ ಏನು ಬರೆದರೂ ಸಾಮಾನ್ಯವಾಗಿ ನಡೆಯುತ್ತಿದ್ದದ್ದು ಇದರಿಂದಲೇ. ಸಿಡಿಎಂಎ ಡಾಂಗಲ್ಲುಗಳದ್ದು ಬೇರೆ ಕಥೆ. ಫೋಟಾನ್, ನೆಟ್‌ಕನೆಕ್ಟ್, ಬಿಎಸ್‌ಎನ್‌ಎಲ್‌ನ ಇವಿಡಿಒಗಳಲ್ಲಿ #777 ಡಯಲ್ ಮಾಡಿದಾಗ ಆ ಮಾತುಕತೆ ನಿಜವಾಗಿಯೂ ನೆಟ್‌ವರ್ಕಿನವರೆಗೆ ಹೋಗುತ್ತಿತ್ತು. ಅಲ್ಲಿ ಹೆಸರು ತಪ್ಪಾದರೆ ಬಾಗಿಲು ತೆರೆಯುತ್ತಿರಲಿಲ್ಲ. ಒಂದು ಡಾಂಗಲ್ಲಿನಲ್ಲಿ ಕಲಿತ ಪಾಠವನ್ನು ಇನ್ನೊಂದಕ್ಕೆ ಹಚ್ಚಿ ಕೈಸುಟ್ಟುಕೊಂಡವರು ಬಹಳ.

ಇನ್ನು ಸೀಡಿಯ ವೇಷ. 2006ರಲ್ಲಿ ಹುವಾವೇ ಇ220 ಬಂತು, ಬಿಳಿ ಬಣ್ಣದ, ಅಂಗೈಯಲ್ಲಿ ಅಡಗುವ ಗುಂಡಗಿನ ಮೋಡೆಮ್. ಯುರೋಪಿನಲ್ಲಿ ವೊಡಾಫೋನ್ ಇದನ್ನು ಮಾರಿತು. ಅದುವರೆಗೆ ಮೊಬೈಲ್ ಡೇಟಾ ಕಾರ್ಡುಗಳು ಲ್ಯಾಪ್‌ಟಾಪಿನ ಪಕ್ಕದ ಸೀಳಿನಲ್ಲಿ ಕೂರುವಂಥವು; ಡೆಸ್ಕ್‌ಟಾಪಿಗೆ ಆ ಸೀಳೇ ಇಲ್ಲ. ಯುಎಸ್‌ಬಿ ಬಂದಮೇಲೆ ಡೆಸ್ಕ್‌ಟಾಪೂ ಲೆಕ್ಕಕ್ಕೆ ಬಂತು. ಆದರೆ ಡ್ರೈವರ್ ಹಾಕಲು ಸೀಡಿ ಬೇಕು, ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳೋಣವೆಂದರೆ ಇಂಟರ್‌ನೆಟ್ ಬರಬೇಕಾದ್ದೇ ಅದರಿಂದ. ಬೆಲ್ಜಿಯಮ್ಮಿನ ಲೂವೆನ್ ನಗರದ ಆಪ್ಷನ್ ಎಂಬ ಕಂಪನಿ ಇದಕ್ಕೆ 'ಝೀರೋಸೀಡಿ' ಎಂಬ ಪರಿಹಾರ ಕೊಟ್ಟಿತು. ಡ್ರೈವರನ್ನು ಮೋಡೆಮ್ಮಿನ ಹೊಟ್ಟೆಯೊಳಗೇ ಇಟ್ಟು, ಮೊದಲು ಸೀಡಿಯಾಗಿ ಕಾಣಿಸಿಕೊಂಡು, ಡ್ರೈವರ್ ಕೂತಮೇಲೆ ಮೋಡೆಮ್ ಆಗಿ ಬದಲಾಗುವುದು. ಉಳಿದವರೂ ಇದೇ ದಾರಿ ಹಿಡಿದರು.

ಪೆನ್ ಡ್ರೈವ್ ಆಗಿ ಯಾಕೆ ಕಾಣಿಸಿಕೊಳ್ಳಲಿಲ್ಲ? ವಿಂಡೋಸ್ ಸೀಡಿಯನ್ನು ನಂಬುತ್ತಿತ್ತು, ಅದರೊಳಗಿನ ಪ್ರೋಗ್ರಾಮನ್ನು ತಾನಾಗಿ ಓಡಿಸುತ್ತಿತ್ತು. ಕಾನ್‌ಫಿಕರ್ ವೈರಸ್ ಪೆನ್ ಡ್ರೈವುಗಳ ಮೂಲಕ ಹಬ್ಬಿದ ಮೇಲೆ 2011ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಪಿ ಮತ್ತು ವಿಸ್ತಾಗಳಲ್ಲೂ ಪೆನ್ ಡ್ರೈವಿನಿಂದ ತಾನಾಗಿ ಓಡುವುದನ್ನು ನಿಲ್ಲಿಸಿತು. ಸೀಡಿಗೆ ಮಾತ್ರ ವಿನಾಯಿತಿ ಉಳಿಯಿತು. ಸೀಡಿಯ ವೇಷ ಹಾಕಿದ್ದ ಡಾಂಗಲ್ಲುಗಳು ಬಚಾವಾದವು.

ಬಳಸುವವರಿಗೆ ಇದು ಉಪಕಾರವೇ. ಆದರೆ ಎಲ್ಲವೂ ನೆಟ್ಟಗಿರುವಷ್ಟು ದಿನ ಮಾತ್ರ. ವೈರಸ್ಸಿನ ಭಯಕ್ಕೆ ಯಾರೋ ಆಟೋರನ್ ಪೂರ್ತಿ ನಿಲ್ಲಿಸಿದ್ದರೆ ಡಾಂಗಲ್ ಸೀಡಿಯಾಗಿಯೇ ಉಳಿಯುತ್ತಿತ್ತು. ಹಳೆಯ ಕಂಪನಿಯ ಡ್ಯಾಶ್‌ಬೋರ್ಡನ್ನು ಅಳಿಸದೆ ಹೊಸದನ್ನು ಹಾಕಿದರೆ ಎರಡೂ ಒಂದೇ ಪೋರ್ಟಿಗೆ ಕಿತ್ತಾಡುತ್ತಿದ್ದವು, ವಿಂಡೋಸ್ 633 ಎಂಬ ಸಂಖ್ಯೆ ತೋರಿಸಿ ಮೋಡೆಮ್ ಆಗಲೇ ಬಳಕೆಯಲ್ಲಿದೆ ಎನ್ನುತ್ತಿತ್ತು. ಅರ್ಧಂಬರ್ಧ ಬದಲಾದ ಡಾಂಗಲ್ಲನ್ನು ತೆಗೆದು ಹಾಕಿದರೆ ಅದು ಮತ್ತೆ ಸೀಡಿಯಿಂದ ಶುರುಮಾಡುತ್ತಿತ್ತು. ಸಹಾಯವಾಣಿಯ ಮಂತ್ರ ಫಲಿಸುತ್ತಿದ್ದುದು ಹೀಗೆ.

ಲಿನಕ್ಸ್ ಬಳಸುವವರಿಗಂತೂ ಝೀರೋಸೀಡಿ ಬೀಗ ಹಾಕಿದ ಬಾಗಿಲೇ ಆಯಿತು. ಒಳಗಿದ್ದ ಡ್ರೈವರ್ ವಿಂಡೋಸಿನದು. ಅದು ಓಡದೆ ವೇಷ ಕಳಚದು. ತಮಾಷೆಯೆಂದರೆ ಮೋಡೆಮ್ ಆಗಿ ಬದಲಾದ ಮೇಲೆ ಲಿನಕ್ಸಿಗೆ ಹೊಸ ಡ್ರೈವರೇ ಬೇಕಿರಲಿಲ್ಲ. 2005ರಲ್ಲೇ ಮಥಿಯಾಸ್ ಉರ್ಲಿಕ್ಸ್ ಬರೆದ ಡ್ರೈವರೊಂದು ಕರ್ನಲ್ಲಿನಲ್ಲಿತ್ತು. ಅದರ ಹೆಸರೂ 'ಆಪ್ಷನ್', ಅದೇ ಬೆಲ್ಜಿಯಂ ಕಂಪನಿಯ ಕಾರ್ಡುಗಳಿಂದ ಬಂದ ಹೆಸರು. ಬೇಕಾಗಿದ್ದದ್ದು ವೇಷ ಕಳಚು ಎಂದು ಹೇಳುವ ಒಂದು ಮಾತು ಮಾತ್ರ. ಆ ಮಾತನ್ನು ಯಾವ ಕಂಪನಿಯೂ ಬಹಿರಂಗವಾಗಿ ಹೇಳಿರಲಿಲ್ಲ.

ಜನ ಕದ್ದು ಕೇಳಿದರು. ವಿಂಡೋಸಿನಲ್ಲಿ ಡಾಂಗಲ್ ಹಾಕಿ, ಯುಎಸ್‌ಬಿ ತಂತಿಯಲ್ಲಿ ಏನೇನು ಹೋಗುತ್ತದೆಂದು ದಾಖಲಿಸಿ, ಬದಲಾಗುವ ಕ್ಷಣಕ್ಕೆ ಮೊದಲು ಕಳಿಸಿದ ಸಂದೇಶವನ್ನು ಹೆಕ್ಕಿದರು. ಕೆಲವು ಮಾದರಿಗಳಲ್ಲಿ ಅದು ಸೀಡಿಯನ್ನು ಹೊರಗೆ ತಳ್ಳುವ ಸಾಮಾನ್ಯ 'ಇಜೆಕ್ಟ್' ಅಪ್ಪಣೆ, ಅಷ್ಟೇ. ಇಲ್ಲದ ಸೀಡಿಯನ್ನು ಹೊರಹಾಕು ಎಂದರೆ ಮೋಡೆಮ್ ಹೊರಗೆ ಬರುತ್ತಿತ್ತು. ಹುವಾವೇಯ ಎಷ್ಟೋ ಮಾದರಿಗಳಲ್ಲಿ ಅದು 31 ಬೈಟ್‌ಗಳ ಒಂದು ಸಾಲು. ಜೋಸುವಾ ದಿಯೆಟ್ಸೆ 2007ರಿಂದ ಇಂಥ ಸಾಲುಗಳನ್ನು ಕೂಡಿಸುತ್ತಾ 'ಯುಎಸ್‌ಬಿ ಮೋಡ್‌ಸ್ವಿಚ್' ಎಂಬ ಪ್ರೋಗ್ರಾಂ ಬೆಳೆಸಿದರು. ಎಲ್ಲೆಲ್ಲಿಂದಲೋ ಬಳಕೆದಾರರು ತಮ್ಮ ಡಾಂಗಲ್ಲಿನ ಗುರುತು ಸಂಖ್ಯೆ ಮತ್ತು ಅದಕ್ಕೆ ಒಪ್ಪುವ ಸಾಲನ್ನು ಕಳಿಸಿದರು. ಅದೊಂದು ಬಗೆಯ ನಿಘಂಟು: ಎಡಕ್ಕೆ ಸಾಧನ, ಬಲಕ್ಕೆ ಅದು ಕಿವಿಗೊಡುವ ಮಾತು. ಕಂಪನಿಗಳು ಒಂದೊಂದು ಪುಟ ಬರೆದು ಪ್ರಕಟಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ವರ್ಷಗಳೇ ಹಿಡಿದವು.

ವೇಷಗಳನ್ನೆಲ್ಲ ದಾಟಿದ ಮೇಲೂ ಡೆಸ್ಕ್‌ಟಾಪಿಗೆ ತನ್ನದೇ ಕಾಟಗಳಿದ್ದವು. ಯುಎಸ್‌ಬಿ 2.0 ಕಿಂಡಿ ಕೊಡಬೇಕಾದದ್ದು 500 ಮಿಲಿಆಂಪಿಯರ್ ವಿದ್ಯುತ್. ಟವರ್ ದೂರವಿದ್ದಷ್ಟೂ ಡಾಂಗಲ್ ಜೋರಾಗಿ ಕೂಗಬೇಕು, ಹೆಚ್ಚು ಹೀರಬೇಕು. ಕ್ಯಾಬಿನೆಟ್ಟಿನ ಮುಂದಿನ ಕಿಂಡಿಗಳು ಒಳಗೆ ಉದ್ದದ ಸಣ್ಣ ತಂತಿಯ ಮೂಲಕ ಮದರ್‌ಬೋರ್ಡ್ ಸೇರುತ್ತವೆ, ದಾರಿಯಲ್ಲಿ ವೋಲ್ಟೇಜ್ ಇಳಿಯುತ್ತದೆ. ಸಂಪರ್ಕ ಸಿಕ್ಕ ಎರಡು ನಿಮಿಷಕ್ಕೆ ಡಾಂಗಲ್ ಸತ್ತು ಮತ್ತೆ ಸೀಡಿಯಾಗಿ ಹುಟ್ಟುತ್ತಿದ್ದರೆ ಬಹಳ ಸಲ ಕಾರಣ ಇದೇ. ಇ220 ಜತೆ ಎರಡು ತಲೆಯ ಕೇಬಲ್ ಕೊಡುತ್ತಿದ್ದರು, ಎರಡನೆಯ ತಲೆ ವಿದ್ಯುತ್ತಿಗಾಗಿ. ಹಿಂದಿನ ಕಿಂಡಿಗೆ ಹಾಕಿದರೆ ವಿದ್ಯುತ್ತೇನೋ ಸಾಕು, ಆದರೆ ಸಿಗ್ನಲ್ಲಿಗೆ ಕ್ಯಾಬಿನೆಟ್ಟಿನ ತಗಡೂ ಗೋಡೆಯೂ ಅಡ್ಡ. ಕೊನೆಗೆ ಹಿಂದಿನ ಕಿಂಡಿಯಿಂದ ಎಕ್ಸ್‌ಟೆನ್ಷನ್ ಕೇಬಲ್ ಎಳೆದು ಡಾಂಗಲ್ಲನ್ನು ಕಿಟಕಿಯ ಸರಳಿಗೆ ಕಟ್ಟುವುದು ರೂಢಿಯಾಯಿತು.

ಡ್ಯಾಶ್‌ಬೋರ್ಡಿನ ಐದು ಕಡ್ಡಿಗಳನ್ನು ನಂಬದವರು ಎಕ್ಸ್‌ಪಿಯ ಹೈಪರ್‌ಟರ್ಮಿನಲ್ ತೆರೆದು ಮೋಡೆಮ್ಮನ್ನೇ ಮಾತಾಡಿಸುತ್ತಿದ್ದರು. ಎಟಿ ಎಂದರೆ ಓಕೆ ಬಂತೇ? ಬಂದರೆ ಡ್ರೈವರ್ ಸರಿ. ಸಿಪಿನ್‌ಗೆ 'ರೆಡಿ' ಬಂದರೆ ಸಿಮ್ ಸರಿ. ಸಿಎಸ್‌ಕ್ಯೂ 0ಯಿಂದ 31ರೊಳಗಿನ ಸಂಖ್ಯೆ ಕೊಡುತ್ತದೆ, 99 ಬಂದರೆ ಅದಕ್ಕೇ ತಿಳಿಯದು ಎಂದು. ಕಿಟಕಿಯಲ್ಲಿ ಡಾಂಗಲ್ ತಿರುಗಿಸುತ್ತಾ ಈ ಸಂಖ್ಯೆ 7ರಿಂದ 15ಕ್ಕೆ ಏರುವುದನ್ನು ನೋಡಬಹುದಿತ್ತು. ಸಿರೆಗ್‌ಗೆ 1 ಬಂದರೆ ಸ್ವಂತ ನೆಟ್‌ವರ್ಕ್, 2 ಬಂದರೆ ಇನ್ನೂ ಹುಡುಕುತ್ತಿದೆ, 3 ಬಂದರೆ ಸೇರಿಸಿಕೊಳ್ಳಲು ಒಪ್ಪಿಲ್ಲ, 5 ಬಂದರೆ ರೋಮಿಂಗ್. ದೋಷ ಎಲ್ಲಿದೆಯೆಂದು ಇಷ್ಟು ಸ್ಪಷ್ಟವಾಗಿ ಹೇಳಬಲ್ಲ ಯಂತ್ರದ ಮೇಲೆ 'ಸಂಪರ್ಕ ವಿಫಲ' ಎಂದಷ್ಟೇ ಹೇಳುವ ಬಣ್ಣದ ಪರದೆ ಕಟ್ಟಿದ್ದು ಯಾರಿಗೂ ಒಳ್ಳೆಯದಾಗಲಿಲ್ಲ.

ಆ 5, ಕರ್ನಾಟಕದಿಂದ ಹೊರಗೆ ಬಂದವರಿಗೆ ಚೆನ್ನಾಗಿ ಗೊತ್ತಿದ್ದ ಸಂಖ್ಯೆ. ಸರ್ಕಾರಿ ಕಂಪನಿಗಳ 3ಜಿ ಮೊದಲೇ ಶುರುವಾಗಿತ್ತು, ದೆಹಲಿಯಲ್ಲಿ ಎಂಟಿಎನ್‌ಎಲ್ 2008ರ ಡಿಸೆಂಬರ್‌ನಲ್ಲಿ, ಚೆನ್ನೈಯಲ್ಲಿ ಬಿಎಸ್‌ಎನ್‌ಎಲ್ 2009ರ ಫೆಬ್ರುವರಿಯಲ್ಲಿ. ಖಾಸಗಿಯವರಿಗೆ 2010ರ ಏಪ್ರಿಲ್ 9ರಿಂದ ಮೇ 19ರವರೆಗೆ ಹರಾಜು ನಡೆಯಿತು. 183 ಸುತ್ತು, ಸರ್ಕಾರಕ್ಕೆ ಸುಮಾರು 67,700 ಕೋಟಿ ರೂಪಾಯಿ. ದೇಶದ 22 ವೃತ್ತಗಳನ್ನೂ ಗೆದ್ದ ಖಾಸಗಿ ಕಂಪನಿ ಒಂದೂ ಇರಲಿಲ್ಲ. ಏರ್‌ಟೆಲ್ ಕರ್ನಾಟಕದಲ್ಲಿ ಗೆದ್ದಿತು, ಪುಣೆ ಸೇರುವ ಮಹಾರಾಷ್ಟ್ರ ವೃತ್ತದಲ್ಲಿ ಗೆಲ್ಲಲಿಲ್ಲ. ಏರ್‌ಟೆಲ್, ವೊಡಾಫೋನ್, ಐಡಿಯಾ ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡು ಒಬ್ಬರ ಗ್ರಾಹಕರನ್ನು ಇನ್ನೊಬ್ಬರ 3ಜಿ ಮೇಲೆ ಕೂರಿಸಿದವು. ಲೈಸೆನ್ಸ್ ಇಲ್ಲದಲ್ಲಿ ಸೇವೆ ಮಾರುತ್ತಿದ್ದೀರಿ ಎಂದು ದೂರಸಂಪರ್ಕ ಇಲಾಖೆ 2011ರ ಡಿಸೆಂಬರ್‌ನಲ್ಲಿ ನಿಲ್ಲಿಸಲು ಹೇಳಿತು. ವಿವಾದ ದೂರಸಂಪರ್ಕ ನ್ಯಾಯಮಂಡಳಿಗೆ ಹೋಗಿ 2014ರ ಏಪ್ರಿಲ್‌ನಲ್ಲಿ ಕಂಪನಿಗಳ ಪರ ತೀರ್ಪು ಬಂತು. ಬೆಂಗಳೂರಿನಲ್ಲಿ ಕೊಂಡ ಡಾಂಗಲ್ ಪುಣೆಯಲ್ಲಿ ಕೈಕೊಟ್ಟಾಗ ಕ್ಯಾಬಿನೆಟ್ ಬಿಚ್ಚಿ ನೋಡಿದವರಿಗೆ ಕಾರಣ ಹರಾಜಿನ ಪಟ್ಟಿಯಲ್ಲಿಯೂ ಇರಬಹುದೆಂದು ಹೊಳೆಯುವುದಾದರೂ ಹೇಗೆ?

ಆಮೇಲಿನದು ಬೇಗ ನಡೆಯಿತು. ಮೋಡೆಮ್ಮಿನ ವೇಷ ಬಿಟ್ಟು ನೇರ ನೆಟ್‌ವರ್ಕ್ ಕಾರ್ಡಾಗಿ ಕಾಣುವ ಡಾಂಗಲ್ಲುಗಳು ಬಂದವು. ವಿಂಡೋಸ್ 8ರಿಂದ ಅದಕ್ಕೆಂದೇ ಒಂದು ಮಾನಕವೂ ಜತೆಗೆ ಬಂತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಶುರುವಾದ ಮೇಲೆ ಫೋನಿನ ಹಾಟ್‌ಸ್ಪಾಟೇ ಸಾಕಾಯಿತು. ಸಿಡಿಎಂಎ ಜಾಲಗಳು ಮುಚ್ಚಿದವು. 2019ರಲ್ಲಿ ಏರ್‌ಟೆಲ್ ಕೋಲ್ಕತ್ತಾದಿಂದ ಶುರುಮಾಡಿ 3ಜಿಯನ್ನೂ ನಿಲ್ಲಿಸುತ್ತಾ ಬಂತು. ಡ್ರಾಯರಿನಲ್ಲಿ ಉಳಿದ ಡಾಂಗಲ್ಲನ್ನು ಈಗ ಸಿಕ್ಕಿಸಿದರೂ ಅದು ಸೀಡಿಯಾಗಿ ಕಾಣಿಸುತ್ತದೆ, ವೇಷ ಕಳಚು ಎಂದರೆ ಕಳಚುತ್ತದೆ, ಎಟಿ ಎಂದರೆ ಓಕೆ ಎನ್ನುತ್ತದೆ.

ಹೇಯ್ಸ್‌ನ ಭಾಷೆ ಮಾತ್ರ ಇನ್ನೂ ಊರಲ್ಲೇ ಇದೆ. ಕರ್ನಾಟಕದ ಹೊಲಗಳ ಪಂಪ್‌ಸೆಟ್ ಡಬ್ಬಿಗಳಲ್ಲಿ ಕೂತಿರುವ ಮೊಬೈಲ್ ಸ್ಟಾರ್ಟರುಗಳೊಳಗೆ ಒಂದು ಜಿಎಸ್‌ಎಂ ತುಣುಕಿರುತ್ತದೆ, ಪಕ್ಕದಲ್ಲಿ ಅದಕ್ಕೆ ಅಪ್ಪಣೆ ಕೊಡುವ ಸಣ್ಣ ಚಿಪ್. ಮುಂಬೈಯಲ್ಲಿ ಕೂತ ಮಗ ರಾತ್ರಿ ಕರೆಂಟು ಬಂದ ಹೊತ್ತಿಗೆ ಹೊಲದ ನಂಬರಿಗೆ ರಿಂಗ್ ಕೊಟ್ಟರೆ ಆ ಚಿಪ್ ಎಟಿ ಎಂದು ಶುರುಮಾಡಿ ಕರೆಯನ್ನು ಎತ್ತುತ್ತದೆ. ಆಮೇಲೆ ಮೋಟರು ತಿರುಗುತ್ತದೆ.