ಯೂರಿಯಾ ತಿಂದ ಕುರಿಮರಿ

ಫೀಡ್‌ಲಾಟ್ ಅಂದ್ರೆ ಕುರಿಮರಿಗಳನ್ನ ಮೇಯೋಕೆ ಬಿಡದೆ, ದೊಡ್ಡಿಯಲ್ಲೇ ಕಾಳು-ಹಿಂಡಿ ತಿನ್ನಿಸಿ ಕೊಬ್ಬಿಸೋ ಜಾಗ. ಅಲ್ಲಿ ಕೈ ಕಚ್ಚೋದು ಮೆಕ್ಕೆಜೋಳಕ್ಕಿಂತ ಪ್ರೋಟೀನು, ಅಂದ್ರೆ ಸೋಯಾ ಹಿಂಡಿ, ಹತ್ತಿಕಾಳು ಹಿಂಡಿ. ಜಿಮ್‌ಗೆ ಹೋಗೋರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಮೆಲುಕು ಹಾಕೋ ಪ್ರಾಣಿಗಳ ಹೊಟ್ಟೆಯಲ್ಲಿರೋ ಸೂಕ್ಷ್ಮಜೀವಿಗಳು ಪ್ರೋಟೀನ್ ಅಲ್ಲದ ಸಾರಜನಕವನ್ನೂ ಬಳಸಿಕೊಳ್ಳುತ್ತವೆ ಅಂತ ಜರ್ಮನಿಯ ಝುಂಟ್ಸ್ 1891ರಲ್ಲೇ ಊಹಿಸಿದ್ದರು. ಮೊದಲ ಮಹಾಯುದ್ಧದಲ್ಲಿ ಮೇವಿಗೆ ಬರ ಬಂದಾಗ ಜರ್ಮನ್ನರು ಯೂರಿಯಾ ತಿನ್ನಿಸಿ ನೋಡಿದರು. ಗಟ್ಟಿ ಪುರಾವೆ ಸಿಕ್ಕಿದ್ದು 1949ರಲ್ಲಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಸ್ಲಿ ಮತ್ತು ಸಂಗಡಿಗರು ಕುರಿಮರಿಗಳಿಗೆ ಸಾರಜನಕದ ಮೂಲವಾಗಿ ಬರೀ ಯೂರಿಯಾ ಕೊಟ್ಟರು. ಇಲಿಗಳಿಗೆ ಆಹಾರದಿಂದಲೇ ಸಿಗಬೇಕಾದ 10 ಅಮೈನೋ ಆಮ್ಲಗಳೂ ಈ ಮರಿಗಳ ಹೊಟ್ಟೆಯಲ್ಲೇ ತಯಾರಾಗಿದ್ದವು!

ಹೌದು, ನಾವು ಗದ್ದೆಗೆ ಎರಚೋ ಅದೇ ಯೂರಿಯಾ. ಆದ್ರೆ ಯೂರಿಯಾ ಕಲಸಿದ ನೀರು ಕುಡಿದ ದನ ಸಾಯುತ್ತೆ ಅನ್ನೋದೂ ಹಳ್ಳಿಯವರಿಗೆ ಗೊತ್ತು. ಹೊಟ್ಟೆಯಲ್ಲಿ ಅದು ಅಮೋನಿಯಾ ಆಗುತ್ತೆ. ಸೂಕ್ಷ್ಮಜೀವಿಗಳು ಬಳಸಿ ಮುಗಿಸೋಕೆ ಮುಂಚೆ ರಕ್ತಕ್ಕೆ ಸೇರಿದ್ರೆ ವಿಷ. ಅದಕ್ಕೇ ಒಣ ಆಹಾರದ ಶೇ. 1ರಷ್ಟು ದಾಟಬಾರದು ಅನ್ನೋ ರೂಢಿ. ಜೊತೆಗೆ ಕಾಳಿನ ಪಿಷ್ಟವೂ ಬೇಕು. ಈಗಷ್ಟೇ ಹಾಲು ಬಿಟ್ಟ ಮರಿಗಂತೂ ಹಿಂಡಿಯೇ ಗತಿ.